ತಂಗಿಯ ಹೆಸರಿನಲ್ಲಿ ಬರೆದ ಕಾಗದ

೬ ಜನವರಿ ೨೦೨೫, ಸೋಮವಾರ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಮೊಬೈಲು ನೋಡುತ್ತ ಕುಳಿತಿರುವ ಮಾನ್ಯರೇ, ಊಟದ ಹೊತ್ತಿಗೆ ಸರಿಯಾಗಿ ಆಗಮಿಸಲಿರುವ ಮಹನೀಯರೇ, ಮತ್ತು ಈ ನೋಟುಬುಕ್ಕಿನ ನೂರಾ ತೊಂಬತ್ತೆರಡು ಖಾಲಿ ಪುಟಗಳೇ, ತಮಗೆಲ್ಲರಿಗೂ ಆದರದ ಸ್ವಾಗತ.

ಭಾಷಣಕಾರನ ಪರಿಚಯ: ಹೆಸರು ಕೃಷ್ಣಾನಂದ, ಊರು ಕರ್ಕಿ, ವಯಸ್ಸು ನಲವತ್ತಾರು, ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ., ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಕುಮಟಾದಿಂದ ಭಟ್ಕಳದವರೆಗೆ ನಿವೃತ್ತರಾದ ಯಾವ ಮಾಸ್ತರರನ್ನೂ ಸನ್ಮಾನ ಪತ್ರವಿಲ್ಲದೆ ಮನೆಗೆ ಕಳಿಸಿದವನಲ್ಲ. ನಾನೇ ಬರೆದು, ಚೌಕಟ್ಟು ಹಾಕಿಸಿ, ವೇದಿಕೆಯಲ್ಲಿ ನಾನೇ ಓದಿದ ಪತ್ರಗಳು ಈ ಮೂರು ತಾಲೂಕಿನ ಗೋಡೆಗಳ ಮೇಲೆ ನೂರಕ್ಕೂ ಮಿಕ್ಕಿ ನೇತಾಡುತ್ತಿವೆ. ಅವುಗಳಲ್ಲಿ ಹುಡುಕಿದರೂ ಒಬ್ಬ ಸಾಧಾರಣ ಮನುಷ್ಯ ಸಿಗುವುದಿಲ್ಲ.

ಇಂದಿನ ಕಾರ್ಯಕ್ರಮ ಹೀಗಿದೆ: ತಂಗಿ ಗಾಯತ್ರಿಗೆ ಭಟ್ಕಳದ ಕೋರ್ಟಿನಿಂದ ನೋಟಿಸು.

ನೋಟಿಸು ಬಂತು ಮಧ್ಯಾಹ್ನ,
ಮನೆಯೆಲ್ಲ ಆಯಿತು ಮೌನ.

ಅವಳ ಗಂಡ ಅರುಣ ವಿಚ್ಛೇದನ ಕೇಳಿದ್ದಾನೆ. ಭಟ್ಕಳದಲ್ಲಿ ಅವನಿಗೆ ಟೈಲ್ಸ್ ಅಂಗಡಿ. ಕಳೆದ ನವೆಂಬರಿನಲ್ಲಿ ಗಾಯತ್ರಿಯನ್ನು ಹೊರಗೆ ನಿಲ್ಲಿಸಿ ಗೇಟಿಗೆ ಬೀಗ ಹಾಕಿದವನು, ಎಂಟು ವರ್ಷದ ಮಗಳು ಅರ್ಚಿತಾಳನ್ನು ಒಳಗೇ ಇಟ್ಟುಕೊಂಡ. ಅಂದಿನಿಂದ ಗಾಯತ್ರಿ ನಮ್ಮಲ್ಲಿದ್ದಾಳೆ. ಈಗ ಮಗಳೂ ಕಾಯಂ ತನ್ನ ಬಳಿಯೇ ಇರಬೇಕು, ಹೆಂಡತಿ ಕ್ರೂರಿ ಎನ್ನುತ್ತಾನೆ. ಆರು ಪುಟದ ಅರ್ಜಿಯಲ್ಲಿ 'ಕ್ರೌರ್ಯ' ಎಂಬ ಪದ ಹದಿನಾಲ್ಕು ಸಲ ಬಂದಿದೆ. ನಾನಾಗಿದ್ದರೆ ಬೇರೆ ಬೇರೆ ಪದ ಬಳಸುತ್ತಿದ್ದೆ.

ಕೊನೆಗೆ ಒಂದು ಕಾಗದದ ಜೆರಾಕ್ಸ್ ಲಗತ್ತಿಸಿದ್ದಾರೆ. ಎರಡು ವರ್ಷದ ಹಿಂದಿನದು. ಆಗಲೂ ಗಾಯತ್ರಿ ಜಗಳ ತಡೆಯಲಾರದೆ ಮಗಳನ್ನು ಕಟ್ಟಿಕೊಂಡು ನಮ್ಮನೆಗೆ ಬಂದಿದ್ದಳು. ಊರಿನ ಗಂಡ ಹೆಂಡಿರ ಜಗಳಗಳಿಗೆ ಪಂಚಾಯ್ತಿ ಹೇಳುವ ದುರ್ಗಯ್ಯ ಮಾವನ ಹಿರಿತನದಲ್ಲಿ ನಮ್ಮ ಜಗಲಿಯ ಮೇಲೆ ಎರಡೂ ಕಡೆಯವರು ಕೂತರು. ಹುಡುಗಿಯ ಕಡೆಯಿಂದ ಒಂದು ಕ್ಷಮೆ ಕೋರುವ ಕಾಗದ ಆಗಲಿ, ಅದನ್ನು ಹಿಡಿದುಕೊಂಡು ಅರುಣ ಕರೆದುಕೊಂಡು ಹೋಗಲಿ ಎಂದು ತೀರ್ಮಾನವಾಯಿತು. ಹಿರಿಯರು ಹೇಳಿದರು, ನಾನು ಬರೆದೆ, ಗಾಯತ್ರಿ ಓದದೆ ಸಹಿ ಹಾಕಿದಳು. ನಡೆದದ್ದು ಅಷ್ಟೇ.

ಜೆರಾಕ್ಸಿನಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ: "ಸಿಟ್ಟಿನ ಭರದಲ್ಲಿ ಹೆತ್ತ ಕೂಸಿನ ಹಸುಗೈಗೆ ಕಾದ ಸಟ್ಟುಗ ತಾಗಿಸಿದ ಪಾಪಿ ನಾನು."

ಅರ್ಚಿತಾ ತಾನೇ ಹೋಗಿ ದೋಸೆ ಕಾವಲಿ ಮುಟ್ಟಿ ಕೈ ಸುಟ್ಟುಕೊಂಡವಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿರಿಯರು ಹೇಳಿದ್ದನ್ನು ಬರೆಯುವುದಷ್ಟೇ ಬರೆಯುವವನ ಕೆಲಸ.

೯ ಜನವರಿ, ಗುರುವಾರ

ಹೊನ್ನಾವರದ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ. ಶಾಲೆಗೆ ಅರ್ಧ ದಿನ ರಜೆ ಬರೆದು ಗಾಯತ್ರಿಯ ಸಂಗಡ ಹೋದೆ.

ಕೋರ್ಟಿನ ಕಟ್ಟೆ,
ಕೂತು ಕೂತು ಕೆಟ್ಟೆ.

ಎರಡು ತಾಸಿನ ಮೇಲೆ ನಮ್ಮ ಸರದಿ ಬಂತು. ಮೇಜಿನ ಆಚೆಗಿದ್ದ ಮಹಿಳೆ ಒಳ್ಳೆಯವರು. "ಹೆಂಗಸ್ರಿಗೆ ಇಲ್ಲಿ ವಕೀಲರು ಪುಕ್ಕಟೆ. ಆದಾಯದ ಸರ್ಟಿಫಿಕೇಟೂ ಬೇಡ. ಕೇಸು ಭಟ್ಕಳದ್ದಲ್ವಾ, ಅರ್ಜಿ ಅಲ್ಲಿಗೆ ಕಳಿಸ್ತೇವೆ" ಎಂದು ಒಂದು ಫಾರಂ ಕೊಟ್ಟರು. ಅದರಲ್ಲಿ 'ಅರ್ಜಿದಾರರ ಸಮಸ್ಯೆ, ಸಂಕ್ಷಿಪ್ತವಾಗಿ' ಎಂಬ ಕಲಂ. ಕೆಳಗೆ ಐದು ಗೆರೆ. ಐದು ಗೆರೆಯಲ್ಲಿ ಎಂತೆಂಥ ಮಾತು ಹಿಡಿಸಬಹುದೆಂದು ನಾನು ಯೋಚಿಸುತ್ತಿದ್ದಾಗಲೇ ಗಾಯತ್ರಿ ಫಾರಮ್ಮನ್ನು ತನ್ನ ಕಡೆ ಎಳೆದುಕೊಂಡಳು.

"ನಾನೇ ಬರೀತೆ ಅಣ್ಣ."

ಬರೆದಳು: "ನನ್ನ ಮಗಳು ನನಗೆ ಬೇಕು."

"ಇಷ್ಟೇನಾ?" ಎಂದೆ.

"ಸಂಕ್ಷಿಪ್ತ ಅಂತ ಅದೆಯಲ್ಲ."

ಉಳಿದ ನಾಲ್ಕು ಗೆರೆ ಖಾಲಿ ಬಿಟ್ಟೇ ಕೊಟ್ಟೆವು. ನನಗೆ ಯಾಕೋ ನಾಚಿಕೆಯಾಯಿತು, ಉತ್ತರ ಪತ್ರಿಕೆಯನ್ನು ಬೇಗ ಕೊಟ್ಟು ಎದ್ದು ಬಂದ ಹಾಗೆ.

೧೯ ಜನವರಿ, ಭಾನುವಾರ

ಗಾಯತ್ರಿಗೆ ನೇಮಕವಾದ ವಕೀಲರು ಸಂಪದಾ ಶಾನಭಾಗ. ಮನೆ ಕುಮಟಾದಲ್ಲಿ, ಕೆಲಸ ಹೊನ್ನಾವರ, ಭಟ್ಕಳ ಎರಡೂ ಕಡೆ. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಇವತ್ತು ಮನೆಗೇ ಬರಹೇಳಿದ್ದರು. ಒಳಗಿದ್ದ ತಾಯಿಯೊಡನೆ ಕೊಂಕಣಿಯಲ್ಲಿ ಏನೋ ಹೇಳಿ ನಮಗೆ ಚಹಾ ತರಿಸಿದರು. ಆಮೇಲೆ ಆ ಕಾಗದವನ್ನು ಎರಡು ಸಲ ಓದಿದರು.

"ಯಾರು ಬರ್ದದ್ದು ಇದು?"

"ನಾನು."

"ಚಂದ ಬರ್ದಿದ್ದೀರಿ. ಎದುರಿನ ವಕೀಲರಿಗೆ ಇದಕ್ಕಿಂತ ಚಂದದ್ದು ಸಿಗೂದಿಲ್ಲ."

ನಾನು ಚಹಾ ಕುಡಿದೆ.

"ಸಟ್ಟುಗದ ಸಾಲು ಯಾರು ಹೇಳಿದ್ದು?"

"ಹಿರಿಯರು. ದುರ್ಗಯ್ಯ ಮಾವ ಅಂತ."

ಗಾಯತ್ರಿ ನೆಲ ನೋಡುತ್ತಿದ್ದಳು. ಸಂಪದಾ ಮೇಡಂ ಅವಳ ಕಡೆ ತಿರುಗಿ ಕೇಳಿದರು. "ನೀವು ಓದಿದ್ರಾ ಸಹಿ ಹಾಕೂ ಮೊದ್ಲು?"

ಗಾಯತ್ರಿ ನನ್ನ ಮುಖ ನೋಡಿದಳು. ಆಮೇಲೆ "ಇಲ್ಲ" ಎಂದಳು.

"ಪಿಯುಸಿ ಪಾಸಾದವರು, ದಿನಾ ಪೇಪರ್ ಓದುವವರು. ಎರಡು ಪುಟ ಓದದೇ ಸಹಿ ಹಾಕಿದ್ರಿ ಅಂದ್ರೆ ಜಡ್ಜು ನಂಬೂದು ಕಷ್ಟ. ವಿಚ್ಛೇದನ ಅವರು ತಕೊಳ್ಳಲಿ, ನಿಮಗೂ ಅದೇ ಬೇಕು ಅಂತೀರಿ. ಆದರೆ ಮಗುವಿನ ವಿಷಯ ಬಂದಾಗ ಈ ಸಾಲೊಂದು ಸಾಕು, ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಲಿಕ್ಕೆ." ಕಾಗದವನ್ನು ಮಡಿಸಿಟ್ಟರು. "ಆ ದುರ್ಗಯ್ಯನವರು ಬಂದು, ನಾನೇ ಹೇಳಿ ಬರೆಸಿದ್ದು, ಅದು ಸುಳ್ಳು ಅಂದ್ರೆ ಒಂದು ದಾರಿ ಅದೆ. ಕೇಳಿ ನೋಡಿ. ಅಷ್ಟರಲ್ಲಿ ಮಗುವನ್ನು ಭೇಟಿ ಮಾಡಲಿಕ್ಕೆ ಅರ್ಜಿ ಹಾಕ್ತೆ."

ಬಸ್ಸಿನಲ್ಲಿ ಬರುವಾಗ ಗಾಯತ್ರಿ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು. "ಅಣ್ಣ, ನೀ ಹೆದರ್ಬೇಡ. ನಾ ಓದ್ಲಿಲ್ಲ ಅಂತಲೇ ಹೇಳ್ತೆ."

ಯಾಕೆ ಹಾಗಂದಳೋ. ಓದಲಿಲ್ಲವೆಂದ ಮೇಲೆ ಓದಲಿಲ್ಲವೆಂದೇ ಹೇಳಬೇಕಲ್ಲ.

೨ ಫೆಬ್ರವರಿ, ಭಾನುವಾರ

ದುರ್ಗಯ್ಯ ಮಾವನಿಗೆ ಎಪ್ಪತ್ತೈದು ತುಂಬುತ್ತದೆ. ಇಪ್ಪತ್ತಮೂರಕ್ಕೆ ಊರವರಿಂದ ಅಭಿನಂದನೆ. ಸನ್ಮಾನ ಪತ್ರ ಯಾರದ್ದೆಂದು ಕೇಳುವ ಅಗತ್ಯವೇ ಇಲ್ಲ. ಹಾಗಾಗಿ ಹೋಗಲು ಒಳ್ಳೆಯ ನೆಪವೂ ಸಿಕ್ಕಿತು.

ಮಾವ ಖುಷಿಯಲ್ಲಿದ್ದರು. "ಬಾ ಕವಿಗಳೇ. ಬರ್ಕೋ. ಮುರ್ದ ಸಂಸಾರ ಜೋಡ್ಸಿದ್ದು ಹಾಕು. ನಲ್ವತ್ತಕ್ಕೆ ಕಮ್ಮಿ ಇಲ್ಲ. ಒಂದಕ್ಕೂ ಕೋರ್ಟಿನ ಮೆಟ್ಲು ತೋರ್ಸ್ಲಿಲ್ಲ ನಾನು."

"ಈಗ ಒಂದು ಹತ್ತಿತಲ್ಲ ಮಾವ."

"ಎಂತ ಮಾಡೂದು. ಅರುಣ ಮನುಷ್ಯ ಸರಿ ಇಲ್ಲ. ಅಂದು ಗೊತ್ತಾಗ್ಲಿಲ್ಲ."

ವಿಷಯ ಎತ್ತಿದೆ. ಮಾವ, ಆ ಕಾಗದದಲ್ಲಿ ಸಟ್ಟುಗದ ವಿಷಯ ನೀವು ಹೇಳಿದ್ದಲ್ಲವೇ, ಅದನ್ನು ಕೋರ್ಟಿಗೆ ಬಂದು ಹೇಳಬೇಕಿತ್ತು ಎಂದೆ.

ಮಾವ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ಕೂತರು. "ನಾನಾ? ನಾ ಎರಡು ಸಾಲು ಬರಿ ಅಂದೆ. 'ನನ್ನಿಂದ ತಪ್ಪಾಗಿದ್ರೆ ಕ್ಷಮೆ ಇರಲಿ' ಅಂತ. ನೀ ಒಳಗೆ ಹೋಗಿ ಎರಡು ಪುಟ ಬರ್ಕಂಡು ಬಂದೆ. ಸಟ್ಟುಗದ ಸುದ್ದಿ ನಂಗೆ ಎಲ್ಲಿ ಗೊತ್ತು ಮಾರಾಯ? ನಿನ್ನ ಕಾಗದ ಓದಿಯೇ ಗೊತ್ತಾದ್ದು. ಅಂದು ನಿಮ್ಮನೆ ಊಟ ಸೇರ್ಲಿಲ್ಲ ನಂಗೆ. ಗಾಯತ್ರಿ ಹೀಂಗೂ ಮಾಡ್ತದಾ ಅಂತ."

ವಯಸ್ಸಾಯಿತು, ಪಾಪ.

ಎಪ್ಪತ್ತೈದರ ಭಾರ,
ನೆನಪು ಎಲ್ಲೋ ದೂರ.

ಪ್ರಾಸ ಸರಿಯಿದೆ. ಆದರೂ ಏನೋ ಕೂರುತ್ತಿಲ್ಲ.

೩ ಫೆಬ್ರವರಿ, ಸೋಮವಾರ

ದುರ್ಗಯ್ಯ ಮಾವ ಎಂತ ಹೇಳಿದರು ಎಂದು ವಂದನಾ ಕೇಳಿದಳು. ನೆನಪಿಲ್ಲವಂತೆ ಎಂದೆ. "ಅವ್ರಿಗೆ ನಮ್ಮ ಮದ್ವೆ ದಿನ ಪಾಯಸಕ್ಕೆ ಬೆಲ್ಲ ಕಮ್ಮಿ ಆದ್ದೂ ನೆನಪದೆ" ಎಂದಳು. ಇಪ್ಪತ್ತು ವರ್ಷದಿಂದ ನನ್ನ ಹೆಂಡತಿಯಾಗಿರುವವಳು. ಮುಂದೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

೧೫ ಫೆಬ್ರವರಿ, ಶನಿವಾರ

ಕೋರ್ಟು ಎರಡು ತಾಸಿನ ಭೇಟಿಗೆ ಒಪ್ಪಿಗೆ ಕೊಟ್ಟಿತ್ತು. ಭಟ್ಕಳದ ಕೋರ್ಟಿನಲ್ಲಿ ರಾಜಿ ಮಾತುಕತೆಗೆಂದು ಇಟ್ಟ ಕೋಣೆ. ಒಂದು ಮೇಜು, ಆರು ಕುರ್ಚಿ, ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು. ಅರುಣ ಮಗಳನ್ನು ಬಾಗಿಲವರೆಗೆ ತಂದು ಬಿಟ್ಟು ಹೊರಗೆ ನಿಂತ. ನನ್ನನ್ನು ನೋಡಿ ನಕ್ಕ. ಸಿಟ್ಟಿನ ನಗೆಯಲ್ಲ. ಉಪಕಾರ ಮಾಡಿದವನನ್ನು ಕಂಡಾಗ ನಗುತ್ತಾರಲ್ಲ, ಹಾಗೆ.

ಅರ್ಚಿತಾ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು. ಮೂರು ತಿಂಗಳಲ್ಲಿ ಉದ್ದವಾಗಿದ್ದಾಳೆ. ಮೊದಲು ತಾಯಿಯ ಹತ್ತಿರ ಬರಲು ಅನುಮಾನಿಸಿದಳು. ಗಾಯತ್ರಿ ಕರೆಯಲಿಲ್ಲ. ಶೇಂಗಾ ಉಂಡೆಯ ಡಬ್ಬಿ ತೆರೆದು ತಾನೇ ಒಂದು ತಿನ್ನತೊಡಗಿದಳು.

"ನಂಗೆ?" ಎಂದಳು ಅರ್ಚಿತಾ.

"ನಿಂಗೆ ಹಲ್ಲಿಲ್ಲಲ್ಲ."

"ಅದೆ. ಹಿಂದೆ ಅದೆ ಕಾಣು." ಬಾಯಿ ಅಗಲಿಸಿ ತೋರಿಸಿದಳು. ಆಮೇಲೆ ತಾಯಿಯ ಮಡಿಲು ಹತ್ತಿ ಕೂತಳು. ಒಂದು ತಾಸು ಹಾಗೇ ಕಳೆಯಿತು. ಶಾಲೆಯ ಕತೆ, ಗೆಳತಿಯ ಕತೆ, ಒಂದು ಬೆಕ್ಕಿನ ಕತೆ. ಗಾಯತ್ರಿ ಹೂಂ ಹೂಂ ಎನ್ನುತ್ತ ಅವಳ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಂಗೈಯ ಬುಡದಲ್ಲಿ ಆ ಕಲೆ. ಈಗ ಬಹಳ ಮಾಸಿದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಅರ್ಚಿತಾ ಒಮ್ಮೆಲೇ ನನ್ನ ಕಡೆ ನೋಡಿದಳು. "ಮಾವ, ಅಮ್ಮ ನನ್ನ ಕೈ ಸುಟ್ಟದ್ದು ಅಂತ ನೀನೇ ಬರ್ದದ್ದಂತೆ? ಮನೇಲಿ ಅಜ್ಜಿ ಓದಿ ಹೇಳ್ದ್ರು."

ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ನಂಗೆ ಮೊದ್ಲು ನಾನೇ ಕಾವಲಿ ಮುಟ್ಟಿದ್ದು ಅಂತ ನೆನಪಿತ್ತು. ದೋಸೆ ತಿರುಗ್ಸೂಕೆ ಹೋದ್ದು. ಈಗ ಸರೀ ನೆನಪಾಗೂದಿಲ್ಲ." ಸ್ವಲ್ಪ ಯೋಚಿಸಿದಳು. ಲೆಕ್ಕದ ಉತ್ತರ ತಾಳೆಯಾಗದಿದ್ದಾಗ ಮಕ್ಕಳು ಮುಖ ಮಾಡುತ್ತಾರಲ್ಲ, ಹಾಗೆ. "ಬರ್ದದ್ದೇ ಸರಿ ಇರ್ಬೇಕು ಅಲ್ದಾ? ನೀ ದೊಡ್ಡವ."

ಗಾಯತ್ರಿ ಮಗಳ ತಲೆಗೂದಲು ಬಿಚ್ಚಿ ಮತ್ತೆ ಜಡೆ ಹಾಕಿದಳು.

ಬಸ್ಸಿನಲ್ಲಿ ನಾವಿಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಜಾಗವಿರಲಿಲ್ಲ ಎಂದು ಬರೆಯಹೊರಟಿದ್ದೆ. ಜಾಗವಿತ್ತು.

೧೭ ಫೆಬ್ರವರಿ, ಸೋಮವಾರ

ಶಾಲೆಯಲ್ಲಿ ವರ್ಗಾವಣೆ ಪತ್ರಗಳನ್ನು ಬರೆದೆ. 'ನಡತೆ: ಉತ್ತಮ.' ಎಲ್ಲರಿಗೂ ಉತ್ತಮವೇ ಬರೆಯುತ್ತೇವೆ. ಒಬ್ಬ ಹುಡುಗಿಯ ಪತ್ರ ಮುಗಿಸಿದ ಮೇಲೆ ಅವಳನ್ನು ಕರೆದು ಹೆಸರು, ಜನ್ಮ ದಿನಾಂಕ ಸರಿಯಿದೆಯೇ ಓದಿ ನೋಡು ಎಂದೆ. ಹೆಡ್ ಮಾಸ್ತರರು ಎಂತ ಕೃಷ್ಣಾನಂದ, ಹೊಸ ಪದ್ಧತಿ ಎಂದರು.

೨೩ ಫೆಬ್ರವರಿ, ಭಾನುವಾರ

ದುರ್ಗಯ್ಯ ಮಾವನ ಅಭಿನಂದನೆ. ಇನ್ನೂರು ಜನ ಸೇರಿದ್ದರು. ಸನ್ಮಾನ ಪತ್ರ ಬರೆಯಲು ಮೂರು ದಿನ ಕೂತೆ. 'ಮುರಿದ ಮನೆಗಳ ಮಹಾಶಿಲ್ಪಿ' ಎಂಬ ಸಾಲು ತಾನಾಗಿ ಬಂದಿತ್ತು. ಬರೆದು ಹೊಡೆದೆ. 'ಸಂಧಾನದ ಸಾರಥಿ', ಅದನ್ನೂ ಹೊಡೆದೆ. ಒಂದೊಂದನ್ನೇ ಇದು ನಿಜವೇ ಎಂದು ಕೇಳಿಕೊಳ್ಳುತ್ತ ಹೋದರೆ ಸನ್ಮಾನ ಪತ್ರ ಎಲ್ಲಿ ನಿಲ್ಲುತ್ತದೆ. ಕಡೆಗೆ ಉಳಿದದ್ದು: ಇವರು ಇಂಥ ಊರಿನವರು, ಬೆಳಿಗ್ಗೆ ಬೇಗ ಏಳುತ್ತಾರೆ, ಕರೆದವರ ಮನೆಗೆ ಹೋಗುತ್ತಾರೆ, ಕಂಡದ್ದನ್ನು ಹೇಳುತ್ತಾರೆ.

ಓದಿ ಮುಗಿಸಲು ಒಂದು ನಿಮಿಷವೂ ಆಗಲಿಲ್ಲ. ಜನ ಇನ್ನೂ ಇದೆಯೆಂದು ಕಾದರು. ಚಪ್ಪಾಳೆ ತಡವಾಗಿ ಬಂತು.

ಊಟದ ಪಂಕ್ತಿಯಲ್ಲಿ ಮಾವ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ಎಂತ ಮಾರಾಯ, ನನ್ನನ್ನ ಎರಡು ಸಾಲಲ್ಲಿ ಮುಗ್ಸಿ ಬಿಟ್ಟೆ." ಬೇಜಾರಾಗಿತ್ತು ಅವರಿಗೆ. ಆದರೂ ನನ್ನ ಬಾಳೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

೫ ಮಾರ್ಚ್, ಬುಧವಾರ

ಸಂಪದಾ ಮೇಡಂ ಫೋನು ಮಾಡಿದ್ದರು. ಅರುಣನ ಕಡೆಯವರು ದುರ್ಗಯ್ಯ ಮಾವನಿಂದ ಒಂದು ಪ್ರಮಾಣಪತ್ರ ಮಾಡಿಸಿ ಕೋರ್ಟಿಗೆ ಕೊಟ್ಟಿದ್ದಾರೆ: ಕಾಗದವನ್ನು ತಾನಾಗಲಿ ಬೇರೆ ಹಿರಿಯರಾಗಲಿ ಹೇಳಿ ಬರೆಸಿಲ್ಲ. ನಾನು ಮಾವನಿಗೆ ಫೋನು ಮಾಡಿದೆ. "ಕೇಳ್ದ್ರು, ಇದ್ದದ್ದು ಹೇಳ್ದೆ. ನೀ ಕೇಳಿದ್ರೂ ಅದೇ ಹೇಳ್ತಿದ್ದೆ" ಎಂದರು.

ಮೇಡಂ ಹೇಳಿದ್ದು ಇಷ್ಟು. "ಮಗು ಯಾರ ಹತ್ರ ಇರ್ಬೇಕು ಅನ್ನೂದು ಈ ತಿಂಗಳಲ್ಲೇ ತೀರ್ಮಾನ ಆಗ್ತದೆ. ಈಗ ಉಳಿದದ್ದು ನಿಮ್ಮ ಪ್ರಮಾಣಪತ್ರ ಒಂದೇ. ನೀವು ಅಂದು ಹೇಳಿದ್ದನ್ನೇ ಹಾಕಿ ಕರಡು ಕಳಿಸ್ತೆ. ನಿಜ ಇದ್ರೆ ಸಹಿ ಹಾಕಿ. ಇಲ್ಲದಿದ್ರೆ ಸಹಿ ಹಾಕೂ ಮೊದ್ಲು ನಂಗೆ ಹೇಳಿ. ಆಮೇಲೆ ಹೇಳ್ಬೇಡಿ."

ಅವರಿಗೆ ಯಾವತ್ತು ಗೊತ್ತಾಯಿತೋ.

೧೦ ಮಾರ್ಚ್, ಸೋಮವಾರ

ಕರಡು ಬಂದಿದೆ. ನಾಳೆ ಹತ್ತು ಗಂಟೆಗೆ ಹೊನ್ನಾವರದಲ್ಲಿ ನೋಟರಿಯವರ ಮುಂದೆ ಸಹಿ.

ಗಾಯತ್ರಿ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಓದಿ ಹೇಳಲೇ ಎಂದೆ. ಬೇಡವೆಂದಳು.

"ಮೇಡಂ ಬರ್ದ ಹಾಗೇ ಸಹಿ ಹಾಕು ಅಣ್ಣ. ಬೇರೆ ಎಂತಾದ್ರೂ ಹೇಳಿದ್ರೆ ನಿನ್ನ ನೌಕ್ರಿ, ನಿನ್ನ ಹೆಸ್ರು. ಮೂರು ತಾಲೂಕಲ್ಲಿ ನಿನ್ನ ಅಕ್ಷರ ಗೊತ್ತಿದ್ದವ್ರು ಎಷ್ಟು ಜನ."

"ಅರ್ಚಿತಾ ಸಿಗದಿದ್ರೆ?"

ಅವಳು ಒಂದು ಸೀರೆಯನ್ನು ಎರಡು ಸಲ ಕೊಡವಿದಳು. "ಭೇಟಿಗೆ ಬಿಡ್ತಾರಲ್ಲ, ತಿಂಗಳಿಗೆ ಒಂದ್ಸಲ."

"ನಿಂಗೆ ಅಷ್ಟು ಸಾಕಾ?"

"ನನ್ನ ಕೇಳ್ಬೇಡ" ಎಂದಳು. "ನೀ ಅಂದೂ ಕೇಳ್ಲಿಲ್ಲ."

ಸೀರೆಯ ಆಚೆಗಿದ್ದಳು. ಮುಖ ಕಾಣಲಿಲ್ಲ.

೧೧ ಮಾರ್ಚ್, ಮಂಗಳವಾರ, ಬೆಳಿಗ್ಗೆ ಏಳು

ಕರಡಿನ ಮೂರನೆಯ ಪ್ಯಾರಾ: ಸದರಿ ಪತ್ರದ ಒಕ್ಕಣೆಯನ್ನು ಹಿರಿಯರು ಹೇಳಿ ಬರೆಸಿರುತ್ತಾರೆ. ನಾಲ್ಕನೆಯ ಪ್ಯಾರಾ: ಪ್ರತಿವಾದಿಯು ಸದರಿ ಪತ್ರವನ್ನು ಓದದೆ ಸಹಿ ಮಾಡಿರುತ್ತಾರೆ. ಎರಡೂ ನಾನು ಹೇಳಿದ್ದೇ. ಎರಡನ್ನೂ ಹೊಡೆದು ಹಾಕಿದ್ದೇನೆ. ಮೇಡಂಗೆ ಈಗ ಫೋನು ಮಾಡಿ, ಸಹಿ ಹಾಕುವ ಮೊದಲೇ ಹೇಳುತ್ತಿದ್ದೇನೆ ಎಂದೆ. ಬರೆದುಕೊಂಡು ಬನ್ನಿ ಎಂದರು. ಬರೆಯಬೇಕಾದದ್ದು ಇಷ್ಟು.

ಯಾರೂ ಹೇಳಿ ಬರೆಸಲಿಲ್ಲ. ದುರ್ಗಯ್ಯ ಮಾವ ಹೇಳಿದ್ದು ಎರಡೇ ಸಾಲು. ಎರಡು ಸಾಲಿಗೆ ತೂಕ ಸಾಲದು ಎಂದು ಅನ್ನಿಸಿದ್ದು ನನಗೆ. ಕ್ಷಮೆ ಕೇಳುವುದಾದರೆ ಕ್ಷಮೆಗೆ ತಕ್ಕ ಒಂದು ತಪ್ಪಿರಬೇಕಲ್ಲ ಎಂದು ಹುಡುಕಿದೆ. ಗಾಯತ್ರಿಯಲ್ಲಿ ಅಂಥದ್ದು ಸಿಗಲಿಲ್ಲ. ಮಗುವಿನ ಕೈ ಮೇಲಿನ ಕಲೆ ನೆನಪಾಯಿತು. ಅದು ಹೇಗಾಯಿತೆಂದು ನನಗೆ ಗೊತ್ತಿತ್ತು. ಅಂದಿಗೆ ತಾಯಿ ಮಗಳು ನಮ್ಮನೆಗೆ ಬಂದು ಇಪ್ಪತ್ತಮೂರು ದಿನ. ನನ್ನ ಬರೆಯುವ ಕೋಣೆಯಲ್ಲಿ ಅವರ ಹಾಸಿಗೆ. ಅವರು ಬೇಗ ಹೊರಡಲಿ ಎಂದಿತ್ತು ನನಗೆ. ಕಾಗದ ಚಂದವಿದ್ದಷ್ಟೂ ಬೇಗ ಹೊರಡುತ್ತಾರೆ. ಚಂದ ಬರೆದೆ.

ಗಾಯತ್ರಿ ಓದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡೂ ಪುಟ ಓದಿದಳು. ಆ ಸಾಲಿನ ಮೇಲೆ ಬೆರಳಿಟ್ಟು, "ಅಣ್ಣ, ಇದು ನಾ ಮಾಡಿದ್ದಲ್ಲ" ಎಂದಳು.

ನನಗೆ ಗೊತ್ತು ಎಂದೆ. ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ.